ಸಂರಕ್ಷಿತ ಹೀತ್‌ನಲ್ಲಿ (ಕುರುಚಲು ಪೊದೆಗಳ ಬಯಲಿನಲ್ಲಿ) ಚೆನ್ನಾಗಿರುವ ಮರಗಳನ್ನೇ ಕಡಿಯುತ್ತಾರಲ್ಲ, ಇದು ಯಾವ ಸೀಮೆಯ ಸಂರಕ್ಷಣೆ?

ಇಂಗ್ಲೆಂಡಿನ ಸರ‍್ರೆಯಲ್ಲಿರುವ ಥರ್ಸ್ಲಿ ಕಾಮನ್‌ಗೆ ಹೋಗಿದ್ದಾಗ ಬರ್ಚ್, ಪೈನ್ ಮರಗಳನ್ನು ಕಡಿದು ರಾಶಿ ಹಾಕಿದ್ದು ಕಂಡು ಈ ಪ್ರಶ್ನೆ ಕೇಳಿದ್ದೀರಿ. ಇಂಥ ಹೀತ್‌ಗಳಲ್ಲಿ ಕಡಿಯುವವರ ಗುಂಪಿನಲ್ಲಿ ನಾನೂ ಇದ್ದೇನೆ. ಕೆಲಸದ ನಿಮಿತ್ತ ಈ ಕಡೆ ಬಂದು ನೆಲೆಸಿದವನು. ಚಳಿಗಾಲದಲ್ಲಿ ಬಿಡುವಾದಾಗ ಸ್ವಯಂಸೇವಕರ ಜೊತೆ ಗರಗಸ ಹಿಡಿದು ಹೊರಡುತ್ತೇನೆ. ಹಾಗಾಗಿ ನನ್ನ ಮಾತಿನಲ್ಲಿ ಒಂದಿಷ್ಟು ಪಕ್ಷಪಾತ ಇದ್ದೇ ಇರುತ್ತದೆ.

ಹೀತ್ ತಾನಾಗಿ ಉಳಿದ ನೆಲವಲ್ಲ, ಮನುಷ್ಯರು ಬಳಸಿ ಬಳಸಿ ಉಳಿಸಿದ ನೆಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿನ ಜನ ಮರಳು ನೆಲದ ಕಾಡು ಸವರಿದರು. ತೆಳು ಮಣ್ಣಿನ ಸಾರವೆಲ್ಲ ಮಳೆಗೆ ಇಳಿದುಹೋಯಿತು. ಉಳುಮೆಗೆ ಬಾರದ ಆ ಹುಳಿ ಮಣ್ಣಿನಲ್ಲಿ ಹೆದರ್, ಗಾರ್ಸ್ ಎಂಬ ಪೊದೆಗಳು ಹಬ್ಬಿದವು. ನಮ್ಮ ಗೋಮಾಳದಂತೆ ಊರವರಿಗೆ ಇಲ್ಲಿ ಹಕ್ಕುಗಳಿದ್ದವು: ದನ ಕುರಿ ಮೇಯಿಸುವುದು, ಒಲೆಗೆ ಗಾರ್ಸ್ ಕಡಿಯುವುದು, ಕೊಟ್ಟಿಗೆಗೆ ಹಾಸಲು ಜರೀಗಿಡ ಕೊಯ್ಯುವುದು. ಮರಕ್ಕೆ ತಲೆ ಎತ್ತಲು ಪುರಸೊತ್ತೇ ಸಿಗುತ್ತಿರಲಿಲ್ಲ. ಆಮೇಲೆ ಕಲ್ಲಿದ್ದಲು ಬಂತು, ದನ ಬಿಡುವವರು ಕಡಿಮೆಯಾದರು, ಗಾಳಿಯಲ್ಲಿ ಬಂದ ಬರ್ಚ್ ಬೀಜ ಬೇರೂರಿತು. ಹಲವೆಡೆ ಹೊಲ ಮಾಡಿದರು, ಮನೆ ಕಟ್ಟಿದರು, ಮೊದಲ ಮಹಾಯುದ್ಧದ ನಂತರ ಮರಮುಟ್ಟಿಗಾಗಿ ಪೈನ್ ನೆಟ್ಟರು. 1800ರಲ್ಲಿದ್ದ ತಗ್ಗುನಾಡಿನ ಹೀತ್‌ನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಹೋಗಿದೆ. ಸರ‍್ರೆಯಲ್ಲಿ ಒಂದಷ್ಟು ಉಳಿದದ್ದು ಸೈನ್ಯದ ದೆಸೆಯಿಂದ. ಗುಂಡು ಹಾರಿಸುವ ತರಬೇತಿಗೆ ಅವರಿಗೆ ಬಯಲು ಬೇಕಿತ್ತು.

ಕಾಡಾದರೆ ಆಗಲಿ ಬಿಡಿ, ಒಳ್ಳೆಯದೇ ಅಲ್ಲವೇ ಅನ್ನುತ್ತೀರಿ. ಬರ್ಚ್ ಕಾಡು ಬ್ರಿಟನ್ನಿನಲ್ಲಿ ಎಲ್ಲೆಂದರಲ್ಲಿ ಬೆಳೆಯುತ್ತದೆ. ಸ್ಯಾಂಡ್ ಲಿಜರ್ಡ್ ಹಲ್ಲಿಗೆ ಇಲ್ಲಿ ಇರುವುದು ಎರಡೇ ತರಹದ ನೆಲೆ: ಕಡಲತೀರದ ಮರಳುದಿಬ್ಬ, ಇಲ್ಲವೇ ಹೀತ್. ವಸಂತದಲ್ಲಿ ಗಂಡಿನ ಮಗ್ಗುಲು ಎಳೆ ಬಾಳೆಯೆಲೆಯ ಹಸಿರಿಗೆ ತಿರುಗುತ್ತದೆ. ಹೆಣ್ಣು ಬಿಸಿಲು ನೇರ ಬೀಳುವ ಬರಿ ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಕಾವು ಕೊಡುವುದೆಲ್ಲ ಸೂರ್ಯನೇ. ಈ ಚಳಿ ದೇಶದಲ್ಲಿ ಬಿಸಿಲೇ ಅಪರೂಪ. ಅದರ ಮೇಲೆ ಮರದ ನೆರಳು ಬಿದ್ದರೆ ಮೊಟ್ಟೆ ಒಡೆಯುವುದೇ ಇಲ್ಲ. ಅದಕ್ಕೇ ಮರ ಕಡಿಯುವುದಷ್ಟೇ ಅಲ್ಲ, ಹೆದರ್ ಕಿತ್ತು ಅಲ್ಲಲ್ಲಿ ಬರಿ ಮರಳನ್ನೂ ತೆರೆದಿಡುತ್ತಾರೆ. ನೋಡಿದವರಿಗೆ ಅದು ಯಾರೋ ನೆಲ ಹಾಳು ಮಾಡಿದಂತೆಯೇ ಕಾಣುತ್ತದೆ.

ಬ್ರಿಟನ್ನಿನ ಮೂಲ ಸರೀಸೃಪಗಳು ಒಟ್ಟು ಆರೇ. (ಮಲೆನಾಡಿನವರು ನಗಬೇಡಿ.) ಆರೂ ಥರ್ಸ್ಲಿಯಲ್ಲಿವೆ. ಅವುಗಳಲ್ಲಿ ಸ್ಮೂತ್ ಸ್ನೇಕ್ ಎಂಬ ವಿಷವಿಲ್ಲದ ಹಾವಂತೂ ದಕ್ಷಿಣದ ಕೆಲವೇ ಹೀತ್‌ಗಳಿಗೆ ಅಂಟಿಕೊಂಡಿದೆ. ಪರವಾನಗಿ ಇಲ್ಲದೆ ಅದನ್ನು ಹಿಡಿಯುವುದು ಅಪರಾಧ.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಸಿಲ್ವರ್ ಸ್ಟಡೆಡ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆ. ಅದರ ಮರಿಹುಳು ಸಿಹಿ ರಸ ಸ್ರವಿಸುತ್ತದೆ. ಕಪ್ಪಿರುವೆಗಳು ಅದನ್ನು ನೆಕ್ಕುತ್ತಾ ಹುಳುವಿಗೆ ಕಾವಲು ನಿಲ್ಲುತ್ತವೆ. ಕೋಶ ಒಡೆದು ಬಂದ ಚಿಟ್ಟೆ ರೆಕ್ಕೆ ಒಣಗಿಸಿಕೊಳ್ಳುವಾಗಲೂ ಅದರ ಕಾಲ ಬುಡದಲ್ಲಿ ಇರುವೆ ಓಡಾಡುತ್ತಿರುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಆ ಇರುವೆಗೂ ಬೆಚ್ಚನೆಯ ತೆರೆದ ನೆಲ, ಎಳೆ ಹೆದರ್ ಬೇಕು. ಹೆದರ್ ಮುದಿಯಾಗಿ ಕಾಂಡ ಬಲಿತರೆ ಇರುವೆ ಹೋಗುತ್ತದೆ, ಹಿಂದೆಯೇ ಚಿಟ್ಟೆಯೂ.

ಹಕ್ಕಿಗಳದ್ದೂ ಇದೇ ಕಥೆ. ನೈಟ್‌ಜಾರ್, ಅಂದರೆ ನಮ್ಮ ನತ್ತಿಂಗದ ಬಳಗದ್ದು, ಮೇ ತಿಂಗಳಲ್ಲಿ ಆಫ್ರಿಕದಿಂದ ಬಂದು ಗೂಡೂ ಕಟ್ಟದೆ ನೆಲದ ಮೇಲೇ ಮೊಟ್ಟೆಯಿಡುತ್ತದೆ. ಡಾರ್ಟ್‌ಫರ್ಡ್ ವಾರ್ಬ್ಲರ್ ಚಳಿಗಾಲದಲ್ಲೂ ಊರು ಬಿಡದೆ ಗಾರ್ಸ್ ಪೊದೆಯಲ್ಲಿ ಹುಳ ಹುಡುಕಿ ಬದುಕುವ ಹಕ್ಕಿ. 1962–63ರ ಭೀಕರ ಚಳಿಗೆ ಇಡೀ ಬ್ರಿಟನ್ನಿನಲ್ಲಿ ಹತ್ತು ಹನ್ನೊಂದು ಜೋಡಿಗೆ ಇಳಿದಿತ್ತು. ಪೊದೆ ಉಳಿದಿದ್ದಕ್ಕೆ ಮತ್ತೆ ಚೇತರಿಸಿಕೊಂಡಿತು. ಥರ್ಸ್ಲಿಯ ನಡುವಿನ ಜೌಗಿನಲ್ಲಿ ಡ್ರೊಸೆರಾ ಇದೆ, ಅಂಟು ಹನಿಗಳಿಂದ ಕೀಟ ಹಿಡಿದು ತಿನ್ನುವ ಗಿಡ. ನಮ್ಮ ಕರಾವಳಿಯ ಮುರಕಲ್ಲು ಬಯಲಿನಲ್ಲೂ ಇದರ ನೆಂಟರಿದ್ದಾರೆ. ಕಾಲಿನ್ ಎಂದು ಹೆಸರು ಪಡೆದ ಒಂದು ಕುಕೂ ಹಕ್ಕಿಯಂತೂ ಹುಳದ ಆಸೆಗೆ ಬಂದು ಕ್ಯಾಮೆರಾ ಹಿಡಿದವರ ಮುಂದೆ ಪೋಸು ಕೊಟ್ಟೇ ಪ್ರಸಿದ್ಧವಾಯಿತು. ಆ ಜಾತ್ರೆ ನನಗಷ್ಟು ಹಿಡಿಸಲಿಲ್ಲ, ಅದು ಬೇರೆ ಮಾತು.

ಕಡಿಯುವುದಕ್ಕೂ ಲೆಕ್ಕವಿದೆ. ಮಾರ್ಚ್‌ನಿಂದ ಹಕ್ಕಿಗಳು ಗೂಡಿಗೆ ಕೂರುವುದರಿಂದ ಕೆಲಸವೆಲ್ಲ ಚಳಿಗಾಲದಲ್ಲೇ. ಬರ್ಚನ್ನು ಬುಡದಲ್ಲಿ ಕತ್ತರಿಸಿ ಬಿಟ್ಟರೆ ನಾಲ್ಕು ಚಿಗುರು ಒಡೆಯುತ್ತದೆ, ಹಾಗಾಗಿ ಮೊಣಕಾಲುದ್ದದ ಸಸಿಗಳನ್ನು ಬೇರುಸಮೇತ ಕೀಳುತ್ತೇವೆ. ಎಲ್ಲ ಮರವನ್ನೂ ತೆಗೆಯುವುದಿಲ್ಲ. ಅಲ್ಲೊಂದು ಇಲ್ಲೊಂದು ಪೈನ್ ಬಿಡುತ್ತಾರೆ, ಹಕ್ಕಿಗಳಿಗೆ ಕೂತು ಹಾಡಲು ಅದು ಬೇಕು. ಎಷ್ಟೋ ಕಡೆ ದನಗಳನ್ನು ಬಿಟ್ಟು ಮೇಯಿಸುತ್ತಾರೆ. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ, ಆದರೆ ಬೇಲಿ ಹಾಕಲು ಹೋದರೆ ನಾಯಿ ಕರೆತರುವವರು ಜಗಳಕ್ಕೆ ನಿಲ್ಲುತ್ತಾರೆ.

ನಿಜವಾದ ಭಯ ಬೆಂಕಿಯದ್ದು. ಥರ್ಸ್ಲಿ 2006ರ ಜುಲೈನಲ್ಲಿ ಹೊತ್ತಿ ಉರಿದಿತ್ತು; 2020ರ ಮೇ 30ರಂದು ಮತ್ತೆ ಬೆಂಕಿ ಬಿದ್ದು ಸುಮಾರು 150 ಹೆಕ್ಟೇರ್ ಸುಟ್ಟಿತು. ಇಡೀ ಮೀಸಲು ಪ್ರದೇಶವೇ 325 ಹೆಕ್ಟೇರ್ ಆಸುಪಾಸು. ಹಾರಬಲ್ಲ ಹಕ್ಕಿ ಪಾರಾಗುತ್ತದೆ, ಮೇ ಕೊನೆಯಲ್ಲಿ ಗೂಡಿನಲ್ಲಿರುವ ಮರಿ ಎಲ್ಲಿ ಹೋದೀತು? ಸುಟ್ಟ ನೆಲದಲ್ಲಿ ಮೊದಲು ಮೇಲೇಳುವುದೂ ಒರಟು ಹುಲ್ಲು ಮತ್ತು ಅದೇ ಬರ್ಚ್.

ಇನ್ನೊಂದು ಒತ್ತಡ ಮನೆಗಳದ್ದು. ಇದು ಫ್ಲೀಟ್, ಬ್ರಾಕ್‌ನೆಲ್, ವೋಕಿಂಗ್ ಕಡೆ ಮನೆ ಕೊಳ್ಳುವ ನಮ್ಮ ಐಟಿ ಕನ್ನಡಿಗರಿಗೂ ಸಂಬಂಧಿಸಿದ್ದು. ಥರ್ಸ್ಲಿಗೆ ಉತ್ತರಕ್ಕಿರುವ ಹೀತ್‌ಗಳನ್ನು 2005ರಲ್ಲಿ ಥೇಮ್ಸ್ ಬೇಸಿನ್ ಹೀತ್ಸ್ ಹೆಸರಿನಲ್ಲಿ ಪಕ್ಷಿಗಳಿಗಾಗಿ ಸಂರಕ್ಷಿಸಿದರು, 8,000 ಹೆಕ್ಟೇರಿಗೂ ಹೆಚ್ಚು. ಅವುಗಳ 400 ಮೀಟರ್ ಒಳಗೆ ಹೊಸ ಮನೆಗೆ ಅನುಮತಿ ಸಿಗುವುದು ಕನಸಿನ ಮಾತು. ಅಲ್ಲಿಂದ 5 ಕಿಲೋಮೀಟರ್ ತನಕ ಮನೆ ಎಬ್ಬಿಸುವವರು ನಿವಾಸಿಗಳ ಅಡ್ಡಾಟಕ್ಕೆ ಬೇರೆ ಹಸಿರು ಜಾಗ ಒದಗಿಸಬೇಕು, ಪ್ರತಿ 1,000 ಜನರಿಗೆ 8 ಹೆಕ್ಟೇರ್ ಲೆಕ್ಕದಲ್ಲಿ. ಉದ್ದೇಶ ಇಷ್ಟೇ: ನಾಯಿ ಹೀತ್‌ಗೆ ಬರುವುದು ಕಡಿಮೆಯಾಗಲಿ. ನೆಲದಲ್ಲಿ ಕೂತ ನೈಟ್‌ಜಾರ್ ನಾಯಿ ಕಂಡು ಎದ್ದರೆ ಮೊಟ್ಟೆ ಕಾಗೆಯ ಪಾಲು. ನಾಯಿಯ ಹೇಲೂ ಇಲ್ಲಿ ಗೊಬ್ಬರವಾಗಿ ಕೆಡುಕು ಮಾಡುತ್ತದೆ. ಬಡ ಮಣ್ಣೇ ಹೆದರ್‌ನ ಬಲ, ಸಾರ ಹೆಚ್ಚಿದರೆ ಹುಲ್ಲು ಗೆಲ್ಲುತ್ತದೆ.

ಮರ ಇದ್ದರೆ ಮಾತ್ರ ಪ್ರಕೃತಿ ಎಂಬ ನಂಬಿಕೆ ನಮ್ಮಲ್ಲೂ ಕಡಿಮೆ ಹಾನಿ ಮಾಡಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ಎರೆಭೂತ ಎಂಬ ದೊಡ್ಡ ಹಕ್ಕಿಗೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೇಕಾಗಿದ್ದು ಅದೇ ಬಯಲು.

ಮತ್ತೆ ಥರ್ಸ್ಲಿಗೆ ಹೋಗುವುದಾದರೆ ಜೂನ್‌ನಲ್ಲಿ ಗಾಳಿಯಿಲ್ಲದ ಸಂಜೆ ನೋಡಿ ಹೋಗಿ. ಮೋಟ್ ಕೊಳದ ಪಕ್ಕ ಕಾರು ನಿಲ್ಲಿಸಬಹುದು. ಹೊತ್ತು ಮುಳುಗಿದ ಮೇಲೆ ನೈಟ್‌ಜಾರ್ ಕೂಗಲು ಶುರು ಮಾಡುತ್ತದೆ, ಅದಕ್ಕೆ ಮುಂಚೆ ಬಂದು ಬೇಸರಪಟ್ಟು ವಾಪಸಾಗುವವರೇ ಹೆಚ್ಚು. ಟಾರ್ಚ್ ತನ್ನಿ, ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ.