ದುಡಿಮೆಗೆ ತೆರಿಗೆ, ಪಿತ್ರಾರ್ಜಿತಕ್ಕೆ ವಿನಾಯಿತಿ: ಇದು ನ್ಯಾಯವೇ?

ಸಂಬಳಕ್ಕೆ ಇರುವ ತೆರಿಗೆ ಪಿತ್ರಾರ್ಜಿತ ಆಸ್ತಿಗೆ ಏಕಿಲ್ಲ ಎಂದು ಕೇಳಿದ್ದೀರಿ. ತತ್ತ್ವದ ಮಟ್ಟದಲ್ಲಿ ಈ ತಾರತಮ್ಯವನ್ನು ಸಮರ್ಥಿಸುವುದು ಕಷ್ಟ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 24 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ 30ರ ತೆರಿಗೆ ಸಂಬಳ ಕೈಸೇರುವ ಮೊದಲೇ ಕಡಿತವಾಗುತ್ತದೆ. ಆದರೆ ತಂದೆಯ ಮರಣಾನಂತರ ಮೈಸೂರಿನಲ್ಲಿರುವ ಎರಡು ಕೋಟಿಯ ನಿವೇಶನ ಮಗಳ ಹೆಸರಿಗೆ ಖಾತೆಯಾದಾಗ ಆಕೆ ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ.

‘ತಂದೆ ಆಗಲೇ ತೆರಿಗೆ ಕಟ್ಟಿದ್ದರಲ್ಲ’ ಎಂಬ ವಾದ ಅರ್ಧ ಮಾತ್ರ ಸರಿ. ಅವರು ಕಟ್ಟಿದ್ದು ನಿವೇಶನ ಕೊಂಡ ಹಣದ ಮೇಲೆ, ಆಮೇಲೆ ಏರಿದ ಬೆಲೆಯ ಮೇಲಲ್ಲ. ಮಗಳು ಅದನ್ನು ಮಾರಿದರೆ ಆ ಏರಿಕೆಗೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ, ಅದೂ ಸಾಮಾನ್ಯವಾಗಿ ಶೇ 12.5, ಮಾರದೆ ಇಟ್ಟುಕೊಂಡರೆ ಅದೂ ಇಲ್ಲ.

ಇಂಥ ತೆರಿಗೆ ನಮ್ಮಲ್ಲಿ ಹಿಂದೆ ಇತ್ತು: 1953ರಲ್ಲಿ ಜಾರಿಯಾದ ಎಸ್ಟೇಟ್ ಡ್ಯೂಟಿಯ, ಅಂದರೆ ಮೃತರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯ, ಗರಿಷ್ಠ ದರ ಒಂದು ಹಂತದಲ್ಲಿ ಶೇ 85ಕ್ಕೆ ಏರಿತ್ತು. ಆದರೂ ವಸೂಲಾಗುತ್ತಿದ್ದುದು ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿ, ಆಡಳಿತದ ಖರ್ಚು ಮಾತ್ರ ಹೆಚ್ಚು ಎಂಬ ಕಾರಣ ನೀಡಿ 1985ರಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ಕೈಬಿಟ್ಟರು. ಅಲ್ಲಿ ಸೋತದ್ದು ತತ್ತ್ವವಲ್ಲ, ವಿಪರೀತ ದರ ಎಂದೇ ನನ್ನ ಅಭಿಪ್ರಾಯ. ವಾಸದ ಮನೆಯನ್ನೂ ಸಣ್ಣ ಹಿಡುವಳಿಯನ್ನೂ ಹೊರಗಿಟ್ಟು, ಹತ್ತಾರು ಕೋಟಿ ಮೀರಿದ ಭಾಗಕ್ಕಷ್ಟೇ ಮಿತವಾದ ದರ ವಿಧಿಸುವುದನ್ನು ಅನ್ಯಾಯವೆನ್ನಲಾಗದು.