ಸ್ಪ್ರಿಂಟರ್‌ಗೂ ಕ್ಲೈಂಬರ್‌ಗೂ ನಿಜವಾಗಿ ಪೈಪೋಟಿ ಇದೆಯೇ?

ನಿಮ್ಮ ಪ್ರಶ್ನೆ ಇದು: ಬೆಟ್ಟ ಬಂತೆಂದರೆ ಅರ್ಧ ಗಂಟೆ ಹಿಂದೆ ಬೀಳುವ ಸ್ಪ್ರಿಂಟರ್‌ಗಳು ಟೂರ್ ಡಿ ಫ್ರಾನ್ಸ್ ಸೈಕಲ್ ಓಟದಲ್ಲಿ ಯಾಕಿರುತ್ತಾರೆ, ಅವರಿಗೂ ಕ್ಲೈಂಬರ್‌ಗಳಿಗೂ ಏನು ಜಟಾಪಟಿ? ಸ್ಪ್ರಿಂಟರ್ ಎಂದರೆ ಗುರಿಯ ಮುಂದಿನ ಕೊನೆಯ ಕೆಲವು ನೂರು ಮೀಟರಿನಲ್ಲಿ ಸಿಡಿದು ಗೆಲ್ಲುವ ಸವಾರ, ಕ್ಲೈಂಬರ್ ಎಂದರೆ ಏರು ಹತ್ತುವುದರಲ್ಲಿ ನಿಪುಣ. ಇಬ್ಬರೂ ಎದುರಾಬದುರಾ ಸೆಣಸುವ ದಿನಗಳು ಬೆರಳೆಣಿಕೆಯಷ್ಟು. ಬೆಟ್ಟದಲ್ಲಿ ಸ್ಪ್ರಿಂಟರ್ ಓಡುವುದು ಗಡಿಯಾರದ ವಿರುದ್ಧ. ಬಯಲಿನಲ್ಲಿ ಕ್ಲೈಂಬರ್ ಕಾದಾಡುವುದು ಗಾಳಿಯ ಜೊತೆ.

ಮೊದಲು ತೂಕದ ಲೆಕ್ಕ. 60 ಕೆಜಿಯ ಕ್ಲೈಂಬರ್ ಶೇ. 8ರ ಏರಿನಲ್ಲಿ 370 ವ್ಯಾಟ್ ತುಳಿದರೆ ಗಂಟೆಗೆ ಸುಮಾರು 21 ಕಿ.ಮೀ. ಹತ್ತುತ್ತಾನೆ. 80 ಕೆಜಿಯ ಸ್ಪ್ರಿಂಟರ್ 400 ವ್ಯಾಟ್ ತುಳಿದರೂ 18ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಾಲಲ್ಲಿ ಬಲ ಜಾಸ್ತಿ ಇದ್ದೂ 10 ಕಿ.ಮೀ. ಏರಿನಲ್ಲಿ ನಾಲ್ಕು ನಿಮಿಷ ಕೈಬಿಟ್ಟಂತೆ. ಆ ವೇಗದಲ್ಲಿ ಗಾಳಿಗೆ ಮುಂದಿನವನ ಮರೆಯಲ್ಲಿ ಹೋದರೂ ಸಿಗುವ ಲಾಭ ಚೂರುಪಾರು.

ಪ್ರತಿ ಹಂತಕ್ಕೂ, ಅಂದರೆ ಒಂದು ದಿನದ ಓಟಕ್ಕೂ, ಕಾಲಮಿತಿ ಇರುತ್ತದೆ: ಗೆದ್ದವನ ಸಮಯದ ಮೇಲೆ ಇಷ್ಟು ಶೇಕಡಾ ಎಂದು. ಹಂತ ಎಷ್ಟು ಕಠಿಣ, ಗೆದ್ದವನ ಸರಾಸರಿ ವೇಗ ಎಷ್ಟು ಎನ್ನುವುದರ ಮೇಲೆ ಆ ಶೇಕಡಾ ಬದಲಾಗುತ್ತದೆ. ಗೆದ್ದವನಿಗೆ 5 ಗಂಟೆ ಹಿಡಿದು ಮಿತಿ ಶೇ. 12 ಇದ್ದರೆ 36 ನಿಮಿಷ ಸಿಕ್ಕಿತು. ಅದರೊಳಗೆ ಬರದಿದ್ದರೆ ಮರುದಿನ ಗಂಟುಮೂಟೆ ಕಟ್ಟಬೇಕು. ಅದಕ್ಕೇ ಹಿಂದೆ ಬಿದ್ದವರೆಲ್ಲ ತಂಡಭೇದ ಮರೆತು ಒಂದು ಗುಂಪು ಕಟ್ಟಿಕೊಳ್ಳುತ್ತಾರೆ. ಅದೇ ಗ್ರುಪೆಟ್ಟೊ. ಏರಿನಲ್ಲಿ ಎಲ್ಲರೂ ತಾಳಿಕೊಳ್ಳುವ ಒಂದೇ ಹದದ ವೇಗ, ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿಯುವುದು, ಕಣಿವೆಯ ಸಮತಟ್ಟಿನಲ್ಲಿ ಸರದಿಯಂತೆ ಮುಂದೆ ಬಂದು ಎಳೆಯುವುದು. ಹಳಬನೊಬ್ಬ ದಾರಿಯುದ್ದಕ್ಕೂ ಮಿತಿಯ ಲೆಕ್ಕ ಹಾಕುತ್ತಲೇ ಇರುತ್ತಾನೆ. ಹಂತ ಶುರುವಾದ ಮೊದಲ ಕಿಲೋಮೀಟರಿನಲ್ಲೇ ಏರು ಬಂದರೆ ಗುಂಪು ಕೂಡುವ ಮೊದಲೇ ಚದುರಿ ಹೋಗುತ್ತದೆ. ಒಂಟಿಯಾದವನ ಕಥೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಉದ್ದದ ಹಂತಕ್ಕಿಂತ ಗಿಡ್ಡ ಬೆಟ್ಟದ ಹಂತವೇ ಹೆಚ್ಚು ಅಪಾಯ, ಏಕೆಂದರೆ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಸಮತಟ್ಟು ರಸ್ತೆಯೇ ಇರುವುದಿಲ್ಲ. 2018ರಲ್ಲಿ 108.5 ಕಿ.ಮೀ.ಗಳ ಲಾ ರೊಸಿಯೇರ್ ಹಂತದಲ್ಲಿ ಹೆಸರಾಂತ ಸ್ಪ್ರಿಂಟರ್‌ಗಳಾದ ಮಾರ್ಕ್ ಕ್ಯಾವೆಂಡಿಶ್, ಮಾರ್ಸೆಲ್ ಕಿಟೆಲ್ ಇಬ್ಬರೂ ಹೊರಬಿದ್ದರು. ಅದೇ ದೊಡ್ಡ ಗುಂಪೇ ತಡವಾದರೆ ತೀರ್ಪುಗಾರರು ಕೆಲವೊಮ್ಮೆ ಉಳಿಸಿಕೊಳ್ಳುತ್ತಾರೆ. 2011ರಲ್ಲಿ ಆಲ್ಪ್ಸ್‌ನ ಗಾಲಿಬಿಯೆ ಏರಿನಲ್ಲಿ ಮುಗಿದ ಹಂತದಲ್ಲಿ ಕ್ಯಾವೆಂಡಿಶ್ ಹಾಗೆ ಉಳಿದ. ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಹಸಿರು ಜೆರ್ಸಿಯ ಅಂಕಗಳಲ್ಲಿ 20 ಕಡಿತವಾಯಿತು, ಆದರೂ ಜೆರ್ಸಿ ಅವನದೇ ಆಯಿತು.

ಈ ಪಾಡೆಲ್ಲ ಯಾತಕ್ಕೆಂದರೆ, ಬಯಲಿನ ಹಂತಗಳ ಕೊನೆಯ 200 ಮೀಟರಿಗಾಗಿ. ಅಲ್ಲಿ ಗಂಟೆಗೆ 65-70 ಕಿ.ಮೀ. ವೇಗ, ಕೆಲವೇ ಸೆಕೆಂಡುಗಳ ಕಾಲ 1500 ವ್ಯಾಟಿನ ಆಸುಪಾಸು. ತಂಡದ ಮೂರ್ನಾಲ್ಕು ಮಂದಿ ಸಾಲಾಗಿ ನಿಂತು ಎಳೆಯುತ್ತಾರೆ. ಒಬ್ಬೊಬ್ಬನೂ ದಣಿದು ಬದಿಗೆ ಸರಿಯುತ್ತಾನೆ, ಕೊನೆಯ ಲೀಡ್‌ಔಟ್ ಸವಾರ ಗುರಿಗೆ 200-250 ಮೀಟರ್ ಇರುವಾಗ ಸ್ಪ್ರಿಂಟರ್‌ನನ್ನು ಬಿಡುತ್ತಾನೆ. ಎದುರುಗಾಳಿ ಇದ್ದರೆ 150ರವರೆಗೆ ಕಾಯಬೇಕು, ಹಿಂಗಾಳಿ ಇದ್ದರೆ 300ರಲ್ಲೇ ಹೊರಟರೂ ನಡೆಯುತ್ತದೆ. ಸಾಮಾನ್ಯವಾಗಿ ಕೆಡುವುದು ಒಂದೇ ಕಡೆ: ಸಾಲು ಬೇಗ ಮುಂದೆ ಬರುತ್ತದೆ. ಇನ್ನೂ ನಾಲ್ಕು ಕಿ.ಮೀ. ಇರುವಾಗಲೇ ಮುಂದೆ ಕಾಣಿಸಿಕೊಂಡ ತಂಡ ಒಂದು ಕಿ.ಮೀ. ಉಳಿದಾಗ ಬರಿದಾಗಿರುತ್ತದೆ, ಹಿಂದಿನಿಂದ ಹೊಸ ಕಾಲುಗಳು ನುಗ್ಗಿ ಎರಡೂ ಬದಿಯಿಂದ ಮುಚ್ಚಿಬಿಡುತ್ತವೆ. ಸಾಲು ತಪ್ಪಿದವನು ಎದುರಾಳಿಯ ಹಿಂಚಕ್ರ ಹಿಡಿಯುತ್ತಾನೆ, ಅಲ್ಲೇ ಭುಜ, ಮೊಣಕೈ, ತಲೆ ಎಲ್ಲವೂ ಕೆಲಸಕ್ಕೆ ಬರುವುದು. 2010ರಲ್ಲಿ ಕ್ಯಾವೆಂಡಿಶ್‌ನ ಲೀಡ್‌ಔಟ್ ಮಾರ್ಕ್ ರೆನ್‌ಶಾ ಪಕ್ಕದ ಜೂಲಿಯನ್ ಡೀನ್‌ಗೆ ತಲೆಯಿಂದ ಗುದ್ದಿ ಟೂರ್‌ನಿಂದಲೇ ಹೊರಹಾಕಿಸಿಕೊಂಡ.

ಕ್ಲೈಂಬರ್ ಈ ಗದ್ದಲಕ್ಕೆ ಯಾಕೆ ಬರುತ್ತಾನೆ? ಎಲ್ಲ ಹಂತಗಳ ಒಟ್ಟು ಸಮಯ ಕಡಿಮೆ ಇದ್ದವನಿಗೆ ಸಿಗುವ ಒಟ್ಟಾರೆ ಪ್ರಶಸ್ತಿಯ ಆಸೆ ಇರುವವನು ಗುಂಪು ಒಡೆದಾಗ ಹಿಂದಿನ ಅರ್ಧದಲ್ಲಿ ಸಿಕ್ಕಿಕೊಳ್ಳಬಾರದು. ಕೊನೆಯ ಕೆಲವು ಕಿ.ಮೀ.ಗಳಲ್ಲಿ (ಸಾಮಾನ್ಯವಾಗಿ 3) ಬಿದ್ದರೆ ತನ್ನ ಜೊತೆಗಿದ್ದ ಗುಂಪಿನ ಸಮಯವೇ ಅವನಿಗೂ ಸಿಗುತ್ತದೆ, ಹಾಗಾಗಿ ಆ ಗಡಿ ದಾಟುವವರೆಗೆ ಅವನ ತಂಡವೂ ಮುಂದೆಯೇ ಇರಬೇಕು. ಸ್ಪ್ರಿಂಟರ್‌ಗಳ ತಂಡಗಳಿಗೂ ಅದೇ ಜಾಗ ಬೇಕು. ರಸ್ತೆ ಮಾತ್ರ ಅಷ್ಟೇ ಅಗಲ. ಇಬ್ಬರೂ ನಿಜವಾಗಿ ಬೈದಾಡುವುದಿದ್ದರೆ ಇಲ್ಲೇ.

ಅಡ್ಡಗಾಳಿ ಬಂದರಂತೂ ಸಣ್ಣ ಮೈಯವರಿಗೆ ಕಷ್ಟ. ಮುಂದಿನವರು ರಸ್ತೆಗೆ ಓರೆಯಾಗಿ ಸಾಲು ಹೂಡುತ್ತಾರೆ. ರಸ್ತೆಯ ಅಗಲಕ್ಕೆ ಹಿಡಿಸಿದಷ್ಟು ಮಂದಿಗೆ ಮರೆ, ಉಳಿದವರು ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಗಾಳಿ ತಿನ್ನುತ್ತಾರೆ, ಯಾರೋ ಒಬ್ಬನ ಚಕ್ರ ಅರ್ಧ ಮೀಟರ್ ತಪ್ಪಿದರೆ ಅಲ್ಲೇ ಸೀಳು. 2015ರ ಎರಡನೇ ಹಂತ, ನೆದರ್‌ಲ್ಯಾಂಡ್ಸ್‌ನ ಝೀಲ್ಯಾಂಡ್ ಕರಾವಳಿ: ಕ್ಲೈಂಬರ್ ನೈರೊ ಕ್ವಿಂಟಾನಾ ಸುಮಾರು ಒಂದೂವರೆ ನಿಮಿಷ ಕಳೆದುಕೊಂಡ. ಓಟ ಮುಗಿಯುವ ಪ್ಯಾರಿಸ್ ತಲುಪಿದಾಗ, ಗೆದ್ದ ಕ್ರಿಸ್ ಫ್ರೂಮ್‌ಗಿಂತ ಹಿಂದಿದ್ದದ್ದು 1 ನಿಮಿಷ 12 ಸೆಕೆಂಡು. ಒಂದು ಬೆಟ್ಟವೂ ಇಲ್ಲದ ದಿನವದು.

ಕ್ಲೈಂಬರ್‌ಗಳ ನಡುವಿನ ಜಿದ್ದಿನಲ್ಲಿ ತಂಡದ ಲೆಕ್ಕಾಚಾರಕ್ಕೇ ಹೆಚ್ಚು ಬೆಲೆ ಎನ್ನುವುದು ನನ್ನ ಅಭಿಪ್ರಾಯ. 2022ರ ಹನ್ನೊಂದನೇ ಹಂತವನ್ನೇ ನೋಡಿ. ಒಂದೇ ತಂಡದ ರೊಗ್ಲಿಚ್ ಒಮ್ಮೆ, ವಿಂಗೆಗೋರ್ ಒಮ್ಮೆ ಹೀಗೆ ಗಾಲಿಬಿಯೆಯಲ್ಲಿ ಸರದಿಯ ಮೇಲೆ ದಾಳಿ ಮಾಡಿದರು. ಪಕ್ಕದಲ್ಲಿ ತಂಡದವರಿಲ್ಲದ ಎದುರಾಳಿ ಪೊಗಾಚಾರ್ ಎರಡಕ್ಕೂ ತಾನೇ ಉತ್ತರ ಕೊಟ್ಟ. ಕೊನೆಯ ಏರು ಗ್ರಾನೋದಲ್ಲಿ ಕುಸಿದು ಹತ್ತಿರ ಹತ್ತಿರ ಮೂರು ನಿಮಿಷ ತೆತ್ತ.

ಇನ್ನು ಸ್ಪ್ರಿಂಟರ್‌ನನ್ನು ಬೇಕೆಂದೇ ಬೆಟ್ಟದಲ್ಲಿ ಕೆಡವುವ ತಂತ್ರ. ಇದನ್ನು ಮಾಡುವುದು ಸಾಮಾನ್ಯವಾಗಿ ಕ್ಲೈಂಬರ್ ಅಲ್ಲ, ಏರು ತಡೆದುಕೊಳ್ಳಬಲ್ಲ ಇನ್ನೊಬ್ಬ ಸ್ಪ್ರಿಂಟರ್. 2013ರ ಏಳನೇ ಹಂತದಲ್ಲಿ ಆಲ್ಬಿಗೆ ಹೋಗುವ ದಾರಿಯ ಏರಿನಲ್ಲಿ ಪೀಟರ್ ಸಾಗನ್‌ನ ಕ್ಯಾನನ್‌ಡೇಲ್ ತಂಡ ಇಡೀ ಗುಂಪನ್ನು ಜೋರಾಗಿ ಎಳೆಯಿತು. ಕ್ಯಾವೆಂಡಿಶ್, ಕಿಟೆಲ್, ಗ್ರೈಪೆಲ್ ಮೂವರೂ ಕಳಚಿಕೊಂಡರು. ಅದರ ನಂತರವೂ ತಂಡ ಕಾಲು ಸಡಿಲಿಸಲಿಲ್ಲ, ಏಕೆಂದರೆ ತುದಿ ದಾಟಿದ ಮೇಲೆ ವೇಗ ಇಳಿಸಿದರೆ ಬಿಟ್ಟವರು ಸಮತಟ್ಟಿನಲ್ಲಿ ಮತ್ತೆ ಕೂಡಿಕೊಳ್ಳುತ್ತಾರೆ. ದಾರಿಯ ಮಧ್ಯೆ ಅಂಕಕ್ಕಾಗಿ ನಡೆಯುವ ಸ್ಪ್ರಿಂಟಿನ ಅಂಕ, ಹಂತದ ಗೆಲುವು ಎರಡೂ ಸಾಗನ್ ಪಾಲಾದವು.