ಅಡಿಕೆ ಉದಾಹರಣೆಯಲ್ಲಿ ಕಾಂಟ್ ಬದಲು ಮಿಲ್ ಬಂದದ್ದೆಲ್ಲಿ

ನಿಯಮವೊಂದು ಎಲ್ಲರದ್ದೂ ಆಗಬಲ್ಲದೇ ಎಂಬ ತತ್ತ್ವಜ್ಞಾನಿ ಕಾಂಟ್‌ನ ಪರೀಕ್ಷೆಯನ್ನು ಅಡಿಕೆ ಕಲಬೆರಕೆಗೆ ಅನ್ವಯಿಸಿದ ನಿಮ್ಮ ಉತ್ತರಕ್ಕೆ ಅಂಕ ಯಾಕೆ ಹೋಯಿತು ಎಂದು ಕೇಳಿದ್ದೀರಿ. ಅದು ಹೋಗಿರುವುದು ಬಹುಶಃ "ಆದ್ದರಿಂದ" ಎಂಬ ಪದದ ಹತ್ತಿರ. "ಎಲ್ಲರೂ ರಾಶಿ ಅಡಿಕೆಗೆ ಗೊರಬಲು ಬೆರೆಸಿದರೆ ಶಿವಮೊಗ್ಗ ಮಾರುಕಟ್ಟೆಯ ಹೆಸರು ಕೆಡುತ್ತದೆ, ಆದ್ದರಿಂದ ತಪ್ಪು" ಎಂದಿದ್ದೀರಿ (ರಾಶಿ ಹೆಚ್ಚು ದರದ ಅಡಿಕೆ, ಗೊರಬಲು ಕಡಿಮೆ ದರದ್ದು). ಇದು ಪರಿಣಾಮ ಅಳೆದು ಸರಿ-ತಪ್ಪು ಹೇಳುವ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ದಾರಿ. ನೀತಿಯ ತಳಹದಿ ಕುರಿತ 1785ರ ಕೃತಿಯಲ್ಲಿ ಕಾಂಟ್ ಕೇಳುವುದು ನಷ್ಟ ಎಷ್ಟೆಂದಲ್ಲ. ಆ ನಿಯಮ ಎಲ್ಲರದ್ದೂ ಆದರೆ ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆಯೇ ಎಂದು.

ಮೊದಲು ನಿಯಮವನ್ನು ಉದ್ದೇಶದ ಸಮೇತ ಬರೆಯಿರಿ: "ಹೆಚ್ಚು ದರ ಸಿಗಲೆಂದು ಗೊರಬಲು ಬೆರೆಸಿ ರಾಶಿ ಎಂದೇ ಮಾರುತ್ತೇನೆ." ಆಮೇಲೆ ಎಲ್ಲ ಬೆಳೆಗಾರರೂ ಹಾಗೇ ಮಾಡುತ್ತಾರೆ, ಅದು ಎಲ್ಲರಿಗೂ ಗೊತ್ತು ಎಂದುಕೊಳ್ಳಿ. ಆಗ ಖರೀದಿದಾರ ಚೀಲ ಸುರಿದು ನೋಡದೆ "ರಾಶಿ" ಎಂಬ ಮಾತನ್ನು ನಂಬುವುದೇ ಇಲ್ಲ. ನಂಬಿಕೆಯೇ ಇಲ್ಲದ ಕಡೆ ಈ ಮೋಸ ನಡೆಯುವುದಿಲ್ಲ. ಇಲ್ಲಿಗೆ ನಿಲ್ಲಿಸಿ, ದರ ಕುಸಿತ, ಊರಿನ ಹೆಸರು ಯಾವುದೂ ಬೇಡ.

ನಿಯಮವನ್ನು "ಮಂಗಳವಾರ, ತೀರ್ಥಹಳ್ಳಿಯಲ್ಲಿ ಮಾತ್ರ" ಎಂದು ಕಿರಿದು ಮಾಡಬೇಡಿ, ಎಂಥ ಮೋಸವೂ ಪಾಸಾಗಿಬಿಡುತ್ತದೆ. ನಿಯಮ ತನ್ನ ಬುಡವನ್ನೇ ಕಡಿದುಕೊಳ್ಳುವ ಈ ವಿರೋಧ ಶುದ್ಧ ತರ್ಕದ್ದೋ, ಉದ್ದೇಶ ಈಡೇರದಿರುವುದೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೇ ಒಮ್ಮತವಿಲ್ಲ. ಪರೀಕ್ಷೆಯ ಉತ್ತರಕ್ಕೆ ಎರಡನೆಯದು ಬರೆಯಲು ಸುಲಭ. ಜಾಗ ಉಳಿದರೆ, ಖರೀದಿದಾರನನ್ನು ಬರೀ ಸಾಧನವಾಗಿ ಬಳಸಿದಂತಾಯಿತು ಎಂದು, ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎನ್ನುವ ಕಾಂಟ್‌ನ ಮಾನವತೆಯ ಸೂತ್ರವನ್ನೂ ಒಂದು ಸಾಲಿನಲ್ಲಿ ಸೇರಿಸಿ.